ಅಕ್ಕಿಕಾಳಿನಷ್ಟು ಮುಕ್ಕು

ಗೋಡೆ ಎಂಬ ಅಡ್ಡಹೆಸರಿನ ಆ ದಪ್ಪ ಹೆಂಗಸು ಕೂತ ಕೂಡಲೇ ಬೆಂಚು ನರಳಿತು.

"ನಾನು ಕೊಂದಿದ್ರೆ ಇಡೀ ಕೋಟೆಗೆ ಗೊತ್ತಾಗ್ತಿತ್ತು ಅಕ್ಕಾ. ನಾನು ಮೆಟ್ಟಿಲು ಹತ್ತಿದ್ರೆ ಅಡುಗೆಮನೇಲಿ ತಟ್ಟೆಗಳು ಮಾತಾಡ್ಕೊಳ್ತವೆ. ಸದ್ದಿಲ್ದೆ ಹೋಗಿ ಸದ್ದಿಲ್ದೆ ಬರೋ ಕೆಲಸಕ್ಕೆ ದೇವರು ಬೇರೆಯವರನ್ನ ಮಾಡಿದ್ದಾನೆ, ನನ್ನನ್ನಲ್ಲ."

ತೊಟ್ಟಿಯಕ್ಕ ನಗಲಿಲ್ಲ. ನಗುವ ಹೊತ್ತು ಅದಾಗಿರಲಿಲ್ಲ. ಕಿಟಕಿಯಾಚೆ ಅಂಗಳದ ನಡುವಿನ ಕಲ್ಲುಗಂಬದ ನೆರಳು ಮೊಳದಷ್ಟಕ್ಕೆ ಇಳಿದಿತ್ತು.

ಮೂರು ದಿನದ ಹಿಂದೆ ನೆರಳಿನ ಪಡೆಯ ಮುಂದಾಳು ದೊಡ್ಡಕ್ಕ, ಪಕ್ಕದ ಕವಚದ ಕೋಣೆಯಲ್ಲಿ ಕತ್ತಿಯೇಟು ತಿಂದು ಕೂತಲ್ಲೇ ಹೆಣವಾಗಿದ್ದಳು. ಕೊಂದವಳ ಹೆಸರನ್ನು ಇವತ್ತು ನಡುಹಗಲಿನ ಗಂಟೆ ಹೊಡೆಯುವುದರೊಳಗೆ ಹೇಳಬೇಕಿತ್ತು.

ಹೇಳದಿದ್ದರೆ ಕೋಟೆಯ ಒಡತಿಯೇ ಹೊರಗೆ ಹೋಗುತ್ತಾಳೆ. ಆಕೆಯ ಮಾತು ಅದು. ಆಕೆ ಆಡಿದ ಮಾತು ಕಲ್ಲಿನಲ್ಲಿ ಕೊರೆದಂತೆ. 'ನನ್ನ ನೆರಳಲ್ಲಿ ನಿಂತವಳ ತಪ್ಪು ನನ್ನ ತಪ್ಪು. ತಪ್ಪಿತಸ್ಥೆ ಸಿಗದಿದ್ದರೆ ಶಿಕ್ಷೆ ನನಗೆ.' ಶಿಕ್ಷೆಯೆಂದರೆ ಆಯುಧ ಕೆಳಗಿಟ್ಟು, ಬರಿಗೈಯಲ್ಲಿ ಹೊರಬಾಗಿಲು ದಾಟುವುದು. ಹೊರಬಾಗಿಲಿನಾಚೆ ಏಳು ವಾರದಿಂದ ಹಗೆಯ ದಂಡು ಬಿಡಾರ ಹೂಡಿ ಕೂತಿತ್ತು. ಊರಿಗೆ ಊರೇ ಇನ್ನೂ ಉಸಿರಾಡುತ್ತಿದ್ದದ್ದು ಒಳಗೆ ಆಕೆ ಇದ್ದಾಳೆಂಬ ಒಂದೇ ಧೈರ್ಯದಿಂದ. ದೈವವೇ ಹೆಣ್ಣಾಗಿ ನಿಂತಿದೆ ಎಂದು ಜನ ಮಕ್ಕಳಿಗೆ ಹೇಳಿ ಮಲಗಿಸುತ್ತಿದ್ದರು.

ಆಕೆಯ ನೆರಳು ಬಿದ್ದಲ್ಲೇ ನಿಂತು ಕಾದಾಡುವ ಒಂಬತ್ತು ಜನ ಹೆಂಗಸರೇ ನೆರಳಿನ ಪಡೆ. ಈಗ ಎಂಟು ಜನ. ಆ ಎಂಟರಲ್ಲಿ ಒಬ್ಬಳು ಕೊಲೆಗಾತಿ ಎಂಬುದು ಎಲ್ಲರ ನಂಬಿಕೆ.

ಪತ್ತೆಯ ಕೆಲಸವನ್ನು ಒಡತಿ ತೊಟ್ಟಿಯಕ್ಕನಿಗೇ ಒಪ್ಪಿಸಿದ್ದಳು. "ಇವಳ ಹತ್ತಿರ ಕತ್ತಿಯಿಲ್ಲ. ಇವಳು ನನ್ನ ನೆರಳಲ್ಲೂ ಇಲ್ಲ. ಇವಳ ಮೇಲೆ ಯಾರಿಗೂ ಅನುಮಾನ ಬರದು," ಎಂದಿದ್ದಳು. ನಿಜವೇ. ಹನ್ನೊಂದು ವರ್ಷದ ಹಿಂದೆ ತೊಡೆ ಸೀಳಿಹೋಗಿ ಕುಂಟಿಯಾದ ಮೇಲೆ ಅವಳ ಪಾಲಿಗೆ ಉಳಿದದ್ದು ಈ ಕೋಣೆ, ಈ ಕಲ್ಲುತೊಟ್ಟಿ, ಉಳಿದವರ ಕತ್ತಿ ತೊಳೆಯುವ ಕೆಲಸ.

"ಗೋಡೆ, ಒಂದು ಮಾತು. ದೊಡ್ಡಕ್ಕನ ಕವಚ ಪಕ್ಕದಲ್ಲಿ ಮಡಿಸಿಟ್ಟಿತ್ತು. ಯಾಕೆ ಬಿಚ್ಚಿದ್ರು ಅನ್ಸುತ್ತೆ ನಿಂಗೆ?"

"ಸೆಕೆ ಇರ್ಬೇಕು."

"ದೊಡ್ಡಕ್ಕನಿಗೆ ಸೆಕೆನಾ? ಉರಿಯೋ ಓಣಿಯೊಳಗೆ ನಡೀವಾಗ್ಲೂ ಒಂದು ಪಟ್ಟಿ ಸಡಿಲ ಮಾಡಿದವರಲ್ಲ ಅವರು."

ಗೋಡೆ ತನ್ನ ದೊಡ್ಡ ಅಂಗೈಗಳನ್ನು ನೋಡಿಕೊಂಡಳು. ಅವಳಿಗೂ ದೊಡ್ಡಕ್ಕನಿಗೂ ಹಿಂದಿನ ವಾರ ಜಗಳವಾಗಿತ್ತು, ಎಲ್ಲರ ಎದುರೇ. ಅದನ್ನು ಅವಳು ಮುಚ್ಚಿಡಲಿಲ್ಲ. ಮುಚ್ಚಿಡಲು ನೋಡುತ್ತಿದ್ದದ್ದು ಬೇರೇನೋ. ಅದು ಅವಳ ಮುಖದ ಮೇಲೆಯೇ ಹೊರಳಾಡುತ್ತಿತ್ತು.

"ಹೇಳ್ಬಿಡು. ಗಂಟಲಲ್ಲಿ ಇಟ್ಕೊಂಡ್ರೆ ನಿಂಗೆ ಊಟ ಸೇರಲ್ಲ."

"ಅದೊಂದು ಮಾತ್ರ ಸೇರುತ್ತೆ ಬಿಡಿ." ಗೋಡೆ ನಕ್ಕಳು, ತಕ್ಷಣ ನಿಲ್ಲಿಸಿದಳು. "ಅಕ್ಕಾ, ನೀವು ಬೇಜಾರು ಮಾಡ್ಕೋಬಾರ್ದು. ಅವತ್ತು ಬೆಳಿಗ್ಗೆ ನಿಮ್ಮ ತಂಗಿ ಗುಬ್ಬಿ ಎದುರಿಗೆ ಸಿಕ್ಕಿದ್ಲು. ಮಾತಾಡ್ಸಿದ್ರೆ ತಲೆ ತಗ್ಗಿಸ್ಕೊಂಡು ಹೋದ್ಲು. ಅವಳ ಸೊಂಟದಲ್ಲಿ ಒರೆ ಇತ್ತಲ್ಲ, ಅದು ಹಗುರಾಗಿ ಕುಣೀತಾ ಇತ್ತು. ಖಾಲಿ ಒರೆ ಅದು. ಒಳಗೆ ಕತ್ತಿ ಇರ್ಲಿಲ್ಲ."

ತೊಟ್ಟಿಯಕ್ಕ ಕಿಟಕಿಯತ್ತ ತಿರುಗಿದಳು. ಮುಖ ತೋರಿಸಲು ಧೈರ್ಯವಾಗಲಿಲ್ಲ.

"ಎಷ್ಟು ಹೊತ್ತಿಗೆ?"

"ದೊಡ್ಡಕ್ಕ ಹೋಗಿದ್ದಾರೆ ಅಂತ ಕೂಗು ಎದ್ದಿತಲ್ಲ, ಅದಕ್ಕೆ ಸ್ವಲ್ಪ ಮುಂಚೆ."

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲಕ್ಕಾ. ಗುಬ್ಬಿ ನಮ್ಮೆಲ್ಲರಿಗೂ ಚಿಕ್ಕವಳು. ನನ್ನ ಬಾಯಿಂದ ಹೇಗೆ ಹೇಳ್ಲಿ?"

"ಹೋಗು. ಅಂಗಳದಲ್ಲಿ ಒಡತಿಯ ಪದ್ಯ ಹೇಳೋಕೆ ಸೇರ್ತಿದ್ದಾರೆ. ಹೋಗೋವಾಗ ಅವಳನ್ನ ಇಲ್ಲಿಗೆ ಕಳ್ಸು."

ಗೋಡೆ ಹೋದಳು. ಕೋಣೆ ದೊಡ್ಡದಾಯಿತು.

ತೊಟ್ಟಿಯಕ್ಕ ತೊಟ್ಟಿಯ ಅಂಚಿನ ಮೇಲೆ ಕೂತು, ಬಲಗೈಯ ಹೆಬ್ಬೆರಳನ್ನು ಎಡ ಅಂಗೈಯಲ್ಲಿ ಬಚ್ಚಿಟ್ಟುಕೊಂಡಳು. ಮೂರು ದಿನದಿಂದ ಅವಳು ಹೀಗೇ ಕೂರುತ್ತಿದ್ದಳು. ಆ ಬೆರಳಿಗೆ ಗೊತ್ತಿದ್ದದ್ದನ್ನು ಬಾಯಿ ಯಾರಿಗೂ ಹೇಳಿರಲಿಲ್ಲ.

ಪಡೆಯಲ್ಲಿ ತನ್ನ ಕತ್ತಿಯನ್ನು ತಾನೇ ತೊಳೆಯುವಂತಿಲ್ಲ. ಕಾದಾಡಿ ಬಂದವಳು ಹಿಡಿಗೆ ಬಿಳಿ ಬಟ್ಟೆ ಸುತ್ತಿ, ಕತ್ತಿಯನ್ನು ತೊಟ್ಟಿಯಲ್ಲಿ ಇಳಿಸಿ ಹೋಗುತ್ತಾಳೆ. ತೊಳೆಯುವವಳು ಕಣ್ಣು ಮುಚ್ಚಿ, ಒಡತಿಯ ಪದ್ಯ ಹೇಳುತ್ತಾ ತೊಳೆಯುತ್ತಾಳೆ. ತೊಳೆದದ್ದನ್ನು ಪರದೆಯಾಚೆಯ ಹಲಗೆಯ ಮೇಲಿಡುತ್ತಾಳೆ. ಯಾರ ಕತ್ತಿ, ಯಾರ ರಕ್ತ ಎಂದು ಕೇಳುವುದಿಲ್ಲ, ನೀರಿನ ಬಣ್ಣ ನೋಡುವುದಿಲ್ಲ. ಯಾರದೆಂದು ಗೊತ್ತಿಲ್ಲದೆ ತೊಳೆದ ಪಾಪ ಎಲ್ಲರಿಗೂ ಹಂಚಿಹೋಗಿ ಹಗುರಾಗುತ್ತದೆ ಎಂಬುದು ನಂಬಿಕೆ.

ಆದರೆ ಕಣ್ಣು ಮುಚ್ಚಿದರೆ ಬೆರಳು ಮುಚ್ಚಿಕೊಳ್ಳುತ್ತದೆಯೇ? ಹನ್ನೊಂದು ವರ್ಷದಲ್ಲಿ ಒಂಬತ್ತು ಕತ್ತಿಗಳೂ ಅವಳ ಹೆಬ್ಬೆರಳಿಗೆ ಮನೆಯ ಮಕ್ಕಳಂತೆ ಪರಿಚಯವಾಗಿದ್ದವು. ಗೋಡೆಯ ಕತ್ತಿಗೆ ಬೆನ್ನು ದಪ್ಪ. ದೊಡ್ಡಕ್ಕನ ಕತ್ತಿ ತುದಿಯಲ್ಲಿ ಸವೆದು ಎಲೆಯಂತೆ ತೆಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೇವರ ಎದುರು ಕೈಮುಗಿದಾಗಲೂ ಆ ಒಂದು ಬೆರಳು ಮಾತ್ರ ಸುಳ್ಳಾಡುತ್ತಿದೆ ಅನ್ನಿಸುತ್ತಿತ್ತು.

ಅವತ್ತು ಬೆಳಿಗ್ಗೆ ತೊಟ್ಟಿಯಲ್ಲಿ ಒಂದೇ ಒಂದು ಕತ್ತಿ ಇತ್ತು. ಕಾದಾಟವಿರಲಿಲ್ಲ, ಯಾರೂ ಹೊರಗೆ ಹೋಗಿರಲಿಲ್ಲ. ಆದರೂ ಅವಳು ಕೇಳಲಿಲ್ಲ, ಕೇಳುವ ಪದ್ಧತಿಯಿಲ್ಲ. ಕಣ್ಣು ಮುಚ್ಚಿ ತೊಳೆದಳು. ಅಲಗಿನ ಮೇಲೆ ಜಿಗುಟು ಹತ್ತಿತ್ತು. ಹೆಬ್ಬೆರಳು ಹಿಡಿಯಿಂದ ಎರಡು ಬೆರಳು ಕೆಳಗೆ ಬಂದಾಗ ಅಕ್ಕಿಕಾಳಿನಷ್ಟು ಮುಕ್ಕು ಸಿಕ್ಕಿತು.

ಆ ಮುಕ್ಕು ಅವಳಿಗೆ ಗೊತ್ತಿಲ್ಲದ್ದಲ್ಲ. ಅದು ಅವಳದೇ ಹಳೆಯ ಕತ್ತಿ. ಕಾಲು ಹೋದ ಮೇಲೆ ತಂಗಿಗೆ ಕೊಟ್ಟದ್ದು.

ಅವಳು ಚೆನ್ನಾಗಿ ತೊಳೆದಳು, ಒರೆಸಿದಳು, ಎಣ್ಣೆ ಸವರಿ ಹಲಗೆಯ ಮೇಲಿಟ್ಟಳು. ನೀರು ಚೆಲ್ಲಿ, ಹೊಸ ನೀರು ತರಲು ಬಾವಿಗೆ ಹೋದಳು. ತಿರುಗಿ ಬರುವಾಗ ಹಲಗೆ ಖಾಲಿಯಾಗಿತ್ತು. ಆಮೇಲೆ ಕೂಗು ಎದ್ದಿತು.

ಕೊಲೆಯ ಸಾಕ್ಷಿಯನ್ನು ತನ್ನ ಕೈಯಾರೆ, ಪದ್ಯ ಹೇಳುತ್ತಾ ತೊಳೆದು ಚರಂಡಿಗೆ ಚೆಲ್ಲಿದವಳನ್ನೇ ಒಡತಿ ಪತ್ತೆಗೆ ನೇಮಿಸಿದ್ದಳು!

ಮೂರು ದಿನ ಅವಳು ಕೋಟೆಯೆಲ್ಲ ಕುಂಟಿದಳು. ಎಲ್ಲರನ್ನೂ ಕೇಳಿದಳು, ತಂಗಿಯೊಬ್ಬಳನ್ನು ಬಿಟ್ಟು. ತಂಗಿಯ ಹೆಸರು ಹೇಳಿದರೆ ಒಡತಿ ಉಳಿಯುತ್ತಾಳೆ. ಹೇಳದಿದ್ದರೆ ತಂಗಿ ಉಳಿಯುತ್ತಾಳೆ, ಒಡತಿ ಬಾಗಿಲು ದಾಟುತ್ತಾಳೆ. ನಿನ್ನೆ ಸಂಜೆ ಪದ್ಯ ಹೇಳುತ್ತಾ ಕೂತಾಗ ಮೂರನೆಯ ದಾರಿ ಹೊಳೆದಿತ್ತು. ಗಂಟೆ ಹೊಡೆಯುವ ಮೊದಲು ತನ್ನದೇ ಹೆಸರು ಹೇಳಿಬಿಡುವುದು. ಕುಂಟಿಯೊಬ್ಬಳು ಬಾಗಿಲು ದಾಟಿದರೆ ಊರಿಗೇನು ನಷ್ಟ?

ಅದಕ್ಕೆ ಮುಂಚೆ ತಂಗಿಯ ಬಾಯಿಂದ ಒಂದು ಸಲ ಕೇಳಬೇಕಿತ್ತು, ಅಷ್ಟೆ.

"ಅಕ್ಕಾ, ಕರೆದ್ಯಂತೆ?"

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಕವಚ ತೊಟ್ಟಿದ್ದಳು, ಸೊಂಟದಲ್ಲಿ ಕತ್ತಿಯಿತ್ತು. ಕಣ್ಣು ನೆಲದ ಮೇಲೆ.

"ಬಾಗಿಲು ಹಾಕು. ಕೂತ್ಕೋ."

"ನಿಂತೇ ಇರ್ತೀನಿ. ಪದ್ಯ ಶುರುವಾಗುತ್ತೆ ಈಗ."

"ನಾನಿನ್ನು ಸುತ್ತಿ ಬಳಸಿ ಕೇಳೋಕೆ ಹೋಗಲ್ಲ ಕಣೇ. ಅವತ್ತು ಬೆಳಿಗ್ಗೆ ನಿನ್ನ ಒರೆ ಖಾಲಿ ಇತ್ತು. ಕತ್ತಿ ಎಲ್ಲಿತ್ತು?"

ಗುಬ್ಬಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಯಾರು ಹೇಳಿದ್ರು?"

"ಯಾರು ಹೇಳಿದ್ರೇನು? ಇತ್ತೋ ಇಲ್ವೋ?"

"ಇರ್ಲಿಲ್ಲ."

ತೊಟ್ಟಿಯ ತೂಬಿನಿಂದ ಒಂದೊಂದೇ ಹನಿ ಬೀಳುತ್ತಿತ್ತು.

"ತಪ್ಪಾಯ್ತು ಅಕ್ಕಾ." ಗುಬ್ಬಿ ಬಾಗಿಲಿಗೆ ಒರಗಿ ಕುಸಿದು ಕೂತಳು. "ನಾನೇ ಬಂದು ಹೇಳ್ಬೇಕಿತ್ತು. ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ತೊಟ್ಟಿಯಕ್ಕನಿಗೆ ತಂಗಿಯ ತಲೆ ನೇವರಿಸಬೇಕು ಅನ್ನಿಸಿತು. "ಹೆದರ್ಬೇಡ. ನಾನು ನನ್ನ ಹೆಸರು ಹೇಳ್ತೀನಿ. ನೀನು ಮಾತ್ರ ಇನ್ನು ಯಾವತ್ತೂ..."

"ನಿನ್ನ ಹೆಸರಾ? ಯಾತಕ್ಕೆ?"

"ದೊಡ್ಡಕ್ಕನ ಕೊಲೆಗೆ."

ಗುಬ್ಬಿ ಅಕ್ಕನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಮೆಲ್ಲಗೆ ಎದ್ದು ನಿಂತಳು. ಅವಳ ದನಿ ಬದಲಾಗಿತ್ತು.

"ಅಕ್ಕಾ. ಮೂರು ದಿನದಿಂದ ನೀನು ನನ್ನನ್ನ ಕೊಲೆಗಾತಿ ಅಂದ್ಕೊಂಡಿದ್ಯಾ?"

"ಮತ್ತೆ ಯಾವ ತಪ್ಪಿನ ಮಾತಾಡ್ತಿದ್ದೀಯ ನೀನು?"

"ಕತ್ತಿದು! ಕತ್ತಿ ಕುಲುಮೇಲಿತ್ತು. ಕಮ್ಮಾರನ ಹತ್ತಿರ ನಾಲ್ಕು ದಿನ ಬಿಟ್ಟಿದ್ದೆ. ತೊಳೆಯೋಕೆ ಕೊಡೋದು ಬಿಟ್ರೆ ನಮ್ಮ ಪಡೆಯವಳು ಒಂದು ಗಳಿಗೆ ಕತ್ತಿ ಬಿಟ್ಟಿದ್ರೂ ಪಡೆಯಿಂದ ಹೊರಗೆ, ಗೊತ್ತಲ್ಲ? ಅದಕ್ಕೇ ಖಾಲಿ ಒರೆ ಕಟ್ಕೊಂಡು ತಿರುಗಿದೆ. ದೊಡ್ಡಕ್ಕ ಹೋದ ದಿನ ಸಂಜೆಗೆ ವಾಪಸ್ ತಂದೆ. ಬೇಕಿದ್ರೆ ಕಮ್ಮಾರನ್ನ ಕೇಳು. ಅವನ ಹೆಂಡತಿ, ಅತ್ತೆ, ಬಾಗಿಲಲ್ಲಿ ಮಲಗೋ ನಾಯಿ, ಎಲ್ರಿಗೂ ಗೊತ್ತು."

"ಕುಲುಮೆಗೆ ಯಾತಕ್ಕೆ ಕೊಟ್ಟೆ?"

ಗುಬ್ಬಿ ಕತ್ತಿಯನ್ನು ಒರೆಯಿಂದ ಎಳೆದು, ಅಕ್ಕನ ಮಡಿಲಿನಲ್ಲಿ ಅಡ್ಡಲಾಗಿ ಇಟ್ಟಳು.

ತೊಟ್ಟಿಯಕ್ಕನ ಹೆಬ್ಬೆರಳು ತಾನಾಗಿ ಹಿಡಿಯಿಂದ ಎರಡು ಬೆರಳು ಕೆಳಗಿಳಿಯಿತು.

ಅಲಗು ನುಣ್ಣಗಿತ್ತು. ಮುಕ್ಕು ಇರಲಿಲ್ಲ.

"ಮುಕ್ಕು ತೆಗೆಸ್ದೆ," ಎಂದಳು ಗುಬ್ಬಿ. ಅಳು ಬಂದಿತ್ತು. "ಪ್ರತಿಸಲ ಕತ್ತಿ ಹಿಡಿದಾಗ್ಲೂ ನಿನ್ನ ಕಾಲು ಕಣ್ಣಿಗೆ ಕಟ್ಟೋದು. ಇದು ನಿನ್ನ ಜಾಗ, ನಾನು ಕದ್ದು ನಿಂತಿದ್ದೀನಿ ಅನ್ಸೋದು. ನುಣ್ಣಗೆ ಮಾಡಿಸ್ಬಿಟ್ರೆ ಅದು ನನ್ನದಾಗುತ್ತೆ ಅಂದ್ಕೊಂಡೆ. ನಿಂಗೆ ಹೇಳ್ದೆ ನಿನ್ನ ಗುರುತು ಅಳಿಸ್ದೆ. ಅದೇ ನನ್ನ ತಪ್ಪು. ನೀನು ನೋಡಿದ್ರೆ..."

ತೊಟ್ಟಿಯಕ್ಕನಿಗೆ ಅವಳ ಮಾತು ದೂರದಿಂದ ಕೇಳಿದಂತೆ ಕೇಳಿತು.

ಹಾಗಾದರೆ ಅವತ್ತು ತೊಟ್ಟಿಯಲ್ಲಿದ್ದದ್ದು ಯಾವ ಕತ್ತಿ?

"ಇನ್ನೊಂದು ಹೇಳು," ಗುಬ್ಬಿ ಮೂಗು ಒರೆಸಿಕೊಂಡಳು. ಈಗ ಅವಳ ದನಿಯಲ್ಲಿ ಸಿಟ್ಟೂ ಇತ್ತು. "ದೊಡ್ಡಕ್ಕ ಕವಚ ಬಿಚ್ಚಿ, ಮಡಿಸಿ, ಪಕ್ಕದಲ್ಲಿ ಇಟ್ಟಿದ್ರು. ನನ್ನಂಥ ಚಿಲ್ಟಾರಿ ಎದುರು ಬಿಚ್ತಿದ್ರಾ ಅವರು? ಪಡೆಗೆ ಸೇರಿದ ದಿನ ನಾವು ಏನು ಮಾತು ಕೊಡ್ತೀವಿ? ಯಾರೊಬ್ಬರ ಎದುರು ಮಾತ್ರ ಕವಚ ತೊಡಲ್ಲ ಅಂತೀವಿ?"

ಹೇಳುತ್ತಾ ಹೇಳುತ್ತಾ ಗುಬ್ಬಿಯೇ ನಿಂತುಬಿಟ್ಟಳು. ತನ್ನ ಬಾಯಿಂದ ಬಂದ ಪ್ರಶ್ನೆಗೆ ಉತ್ತರ ಏನೆಂದು ಅವಳಿಗೆ ಆಗಷ್ಟೇ ಹೊಳೆದಿತ್ತು.

'ನಿನ್ನೆದುರು ನನಗೆ ಕವಚವೇಕೆ, ತಾಯಿ?' ಪಡೆಯ ಪ್ರತಿಯೊಬ್ಬಳೂ ಒಡತಿಯ ಪಾದದ ಬಳಿ ಕೂತು ಆಡಿದ ಮಾತು ಅದು.

"ಅಕ್ಕಾ, ಹಾಗಿರೋಕೆ ಸಾಧ್ಯ ಇಲ್ಲ. ಅಲ್ವಾ?"

ತೊಟ್ಟಿಯಕ್ಕನ ಮನಸ್ಸು ಹನ್ನೊಂದು ವರ್ಷ ಹಿಂದಕ್ಕೆ ಹೋಗಿತ್ತು.

ಧೂಳು. ಹೊಗೆ. ಯಾರು ನಮ್ಮವರು, ಯಾರು ಹಗೆಯವರು ತಿಳಿಯದ ಗೊಂದಲ. ಮುಂದೆ ನಿಂತಿದ್ದ ಒಡತಿ ಬೆನ್ನ ಹಿಂದೆ ಸದ್ದಾಯಿತೆಂದು ಗರ್ರನೆ ತಿರುಗಿ ಕತ್ತಿ ಬೀಸಿದಳು. ಹಿಂದೆ ಇದ್ದವಳು ತಾನು. ತನ್ನ ಕತ್ತಿ ಅಡ್ಡ ಹಿಡಿದಳು. ಅಲಗಿಗೆ ಅಲಗು ತಾಗಿ ಕಿಡಿ ಹಾರಿತು. ಒಡತಿಯ ಕತ್ತಿ ಜಾರಿ ತೊಡೆಗೆ ಇಳಿಯಿತು.

ತಾಗಿದ್ದು ಎರಡು ಕತ್ತಿ. ಮುಕ್ಕಾದದ್ದು ಒಂದೇ ಆಗಿರಲು ಹೇಗೆ ಸಾಧ್ಯ?

ಮೂರು ದಿನದ ಹಿಂದಿನ ಆ ಬೆಳಿಗ್ಗೆಯವರೆಗೆ ಒಡತಿಯ ಕತ್ತಿ ಎಂದೂ ಈ ತೊಟ್ಟಿಗೆ ಬಂದಿರಲಿಲ್ಲ. ಅದಕ್ಕೆ ಪಾಪ ಅಂಟುವುದಿಲ್ಲ, ಅದನ್ನು ಆಕೆಯೇ ಒರೆಸಿಕೊಳ್ಳುತ್ತಾಳೆ. ಹಾಗಾಗಿ ಈ ಹೆಬ್ಬೆರಳಿಗೆ ಅದರ ಪರಿಚಯವಿರಲಿಲ್ಲ. ಮುಕ್ಕು ಸಿಕ್ಕಿದ ಕ್ಷಣ ತನ್ನದೇ ಎಂದುಕೊಂಡಿತು. ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಂತೆ ಸಾಕಿದ ತಂಗಿಯನ್ನು ಮೂರು ದಿನ ಕೊಲೆಗಾತಿಯಾಗಿಸಿತು.

ಆ ಕಾದಾಟದಲ್ಲಿ ಒಡತಿಯ ಏಟನ್ನು ಕಣ್ಣಾರೆ ಕಂಡವಳು ದೊಡ್ಡಕ್ಕ ಒಬ್ಬಳೇ. ತನ್ನನ್ನು ಹೊತ್ತು ತಂದವಳೂ ಅವಳೇ. 'ದೈವದ ಕೈ ತಪ್ಪಿತು ಅಂತ ಊರಿಗೆ ಗೊತ್ತಾಗ್ಬಾರ್ದು ಕಣೇ' ಎಂದಿದ್ದಳು. ಹಾಗೆ ಪದ್ಯ ಹುಟ್ಟಿತು. ಅದರಲ್ಲಿ ಹಗೆಯ ಈಟಿ ಬಂತು. ಪ್ರತಿದಿನ ಅಂಗಳದಲ್ಲಿ ಆ ಪದ್ಯ ಹೇಳುವಾಗ ಜನ ತನ್ನ ಕುಂಟುಕಾಲಿಗೆ ಕೈಮುಗಿಯುತ್ತಿದ್ದರು. ತಾನು ಬೇಡವೆನ್ನಲಿಲ್ಲ.

ಹತ್ತು ದಿನದ ಕೆಳಗೆ ದೊಡ್ಡಕ್ಕ ಇದೇ ತೊಟ್ಟಿಯ ಅಂಚಿನಲ್ಲಿ ಕೂತಿದ್ದಳು. "ಆ ಪದ್ಯ ತಿದ್ದಿಸೋಣ ಕಣೇ. ಸಾಯೋ ಮುಂಚೆ ನಿಜವಾದ್ದನ್ನ ಒಂದ್ಸಲ ಕೇಳ್ಬೇಕು ನಂಗೆ. ಸುಳ್ಳು ಕೇಳಿ ಕೇಳಿ ಕಿವಿ ನೋಯ್ತಿದೆ."

"ಬೇಡಿ ದೊಡ್ಡಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಿದ್ದಳು ತಾನು.

ಅಷ್ಟಕ್ಕೆ ನಿಂತಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ಭಕ್ತಿಯೋ, ಭಯವೋ, ಜನ ಕೈಮುಗಿಯಲೆಂಬ ಆಸೆಯೋ, ಮರುದಿನವೇ ಕುಂಟುತ್ತಾ ಒಡತಿಯ ಬಳಿ ಹೋದಳು. ದೊಡ್ಡಕ್ಕ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಒಡತಿ ಕೇಳಿಸಿಕೊಂಡು, "ಹೇಳಿದ್ದು ಒಳ್ಳೇದಾಯ್ತು," ಎಂದಿದ್ದಳು. ಅಷ್ಟೇ.

ಕತ್ತಿ ತೊಳೆದವಳೂ ತಾನು. ಕತ್ತಿ ಹೊರಬರುವಂತೆ ಮಾಡಿದವಳೂ ತಾನೇ.

ಹೊರಗೆ ಅಂಗಳದಲ್ಲಿ ಏಳು ಕೊರಳು ಒಟ್ಟಾಗಿ ಎದ್ದವು. ಒಡತಿಯನ್ನು ಕಳಿಸಿಕೊಡುವ ಪದ್ಯಗಳು ಆರಂಭವಾಗಿದ್ದವು. ಬಾಗಿಲಿನತ್ತ ಹೆಜ್ಜೆ ಸಪ್ಪಳ ಕೇಳಿತು. ಆ ಹೆಜ್ಜೆಯನ್ನು ಗುರುತಿಸಲು ಕಣ್ಣು ಬೇಕಿರಲಿಲ್ಲ.

"ಪರದೆಯಾಚೆ ಹೋಗು," ತೊಟ್ಟಿಯಕ್ಕ ಕತ್ತಿಯನ್ನು ತಂಗಿಯ ಕೈಗೆ ತುರುಕಿದಳು. "ಏನೇ ಆದ್ರೂ ಬರ್ಬೇಡ. ಹೋಗು ಅಂದೆ!"

ಪರದೆ ಅಲುಗಾಡುವುದು ನಿಲ್ಲುವ ಮೊದಲೇ ಒಡತಿ ಒಳಗೆ ಬಂದಳು.

ಬಿಳಿ ಸೀರೆ. ಆಭರಣವಿಲ್ಲ. ಯುದ್ಧದಲ್ಲಿ ಬೆಂಕಿಯಂತೆ ಕಾಣುವ ಮುಖ ಈಗ ಸಾಕಾಗಿ ಹೋದ ಹೆಂಗಸಿನ ಮುಖದಂತಿತ್ತು. ಅಂಥ ಮುಖವನ್ನು ಕಂಡರೆ ಯಾರಿಗಾದರೂ ಎರಗಬೇಕು ಅನ್ನಿಸುತ್ತಿತ್ತು. ತೊಟ್ಟಿಯಕ್ಕನಿಗೆ ಈಗಲೂ ಹಾಗೇ ಅನ್ನಿಸಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಬರಿಗೈಯಲ್ಲಿ ಹೋಗ್ಬೇಕಲ್ಲ," ಎಂದಳು ಒಡತಿ. ಹಿಡಿಗೆ ಬಿಳಿ ಬಟ್ಟೆ ಸುತ್ತಿದ ಕತ್ತಿಯನ್ನು ತೊಟ್ಟಿಯ ನೀರಿಗೆ ಮೆಲ್ಲಗೆ ಇಳಿಸಿದಳು. "ಇದೊಂದ್ಸಲ ನಿನ್ನ ಕೈಯಿಂದ ತೊಳೆದಿಡು. ಕಣ್ಣು ಮುಚ್ಕೋ."

ತೊಟ್ಟಿಯಕ್ಕ ಕೈ ನೀರಿಗಿಟ್ಟಳು. ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡಿತು. ಹೆಬ್ಬೆರಳು ಹಿಡಿಯಿಂದ ಕೆಳಗೆ ಸರಿಯಿತು. ಒಂದು ಬೆರಳು. ಎರಡು.

ಅಕ್ಕಿಕಾಳಿನಷ್ಟು ಮುಕ್ಕು.

"ಹೆಸರು ಸಿಕ್ತಾ?" ಒಡತಿ ಕೇಳಿದಳು.

"ತಾಯಿ..."

"ನಿನ್ನ ಹೆಸರೇ ಹೇಳ್ತೀಯ, ಅಲ್ವಾ?" ದನಿ ತಾಯಿ ಮಗುವಿಗೆ ಕೇಳುವಷ್ಟು ಮೆತ್ತಗಿತ್ತು. "ಗೊತ್ತಿತ್ತು ನಂಗೆ. ಮುಕ್ಕು ಬೆರಳಿಗೆ ಸಿಕ್ಕಿದ್ರೆ ತಂಗಿ ಕತ್ತೀನೇ ಅಂದ್ಕೊಳ್ತೀಯ ಅಂತಾನೂ ಗೊತ್ತಿತ್ತು. ನೀನು ತಂಗೀನೂ ಬಿಟ್ಟುಕೊಡಲ್ಲ, ನನ್ನನ್ನೂ ಬಿಟ್ಟುಕೊಡಲ್ಲ. ಅದಕ್ಕೇ ಈ ಕೆಲಸ ನಿಂಗೆ ಒಪ್ಪಿಸಿದ್ದು. ಹೇಳ್ಬಿಡು. ಊರು ಉಳೀಲಿ."

ಹೊರಗೆ ಪದ್ಯ ಮುಂದುವರಿದಿತ್ತು. ಗೋಡೆಯ ದಪ್ಪ ದನಿ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು.

*ಒಡತಿಯೆಡೆಗೆ ಹಾರಿ ಬಂದ*
*ಹಗೆಯ ಈಟಿ ಕಂಡಳು;*
*ತೊಡೆಯನೊಡ್ಡಿ ತಡೆದು ನಿಂತು*
*ನಗುತ ನೋವನುಂಡಳು.*

"ನಿನ್ನ ಪದ್ಯ ಬಂತು," ಎಂದಳು ಒಡತಿ.

ಪಡೆಯವರು ಯಾವ ಪದ್ಯವನ್ನಾದರೂ ಎರಡು ಸಲ ಹೇಳುತ್ತಾರೆ. ಎರಡನೆಯ ಸಲಕ್ಕೆ ಉಸಿರು ಎಳೆದುಕೊಳ್ಳುವಷ್ಟು ಬಿಡುವು ಬಂತು. ತೊಟ್ಟಿಯಕ್ಕ ಕಣ್ಣು ಬಿಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಕೈ ತೊಟ್ಟಿಯಲ್ಲಿರುವಾಗ ಕಣ್ಣು ಬಿಟ್ಟಳು. ಒಡತಿಯನ್ನು ನೋಡುತ್ತಲೇ, ಕಿಟಕಿಯಾಚೆಗೆ ಕೇಳುವಂತೆ, ಎಂದೂ ಎತ್ತದ ದನಿಯೆತ್ತಿ ಆ ಪದ್ಯವನ್ನು ತಾನೇ ಎತ್ತಿಕೊಂಡಳು.

*ಒಡತಿ ಕೈಯ ಕತ್ತಿಯೇಟು,*
*ಹಗೆಯದಲ್ಲ, ಕಂಡಿರಾ!*

ಅಂಗಳದ ಏಳು ಕೊರಳೂ ಒಮ್ಮೆಗೇ ನಿಂತವು.

ಒಡತಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಿಟಕಿಯಾಚೆ ಕಂಬದ ನೆರಳು ಬುಡಕ್ಕೆ ಬಂದು ಸೇರಿತ್ತು. ನಡುಹಗಲಿನ ಗಂಟೆಯ ಮೊದಲ ಪೆಟ್ಟು ಬಿತ್ತು. ಅದರ ಹಿಂದೆಯೇ ಅಂಗಳದ ಕಲ್ಲುಹಾಸಿನ ಮೇಲೆ ಗೋಡೆಯ ಭಾರವಾದ ಹೆಜ್ಜೆಗಳು ಈ ಕೋಣೆಯತ್ತ ಓಡಿ ಬರುವುದು ಕೇಳಿತು.

ಒಡತಿ ತೊಟ್ಟಿಯಕ್ಕನ ಮೇಲಿಂದ ಕಣ್ಣು ತೆಗೆಯದೆ ಬಾಗಿಲವರೆಗೆ ಹಿಂದಕ್ಕೆ ಸರಿದು, ಕೈಯನ್ನು ಬೆನ್ನ ಹಿಂದೆ ಚಾಚಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.